ಬಲಮೂಲೆಯ ಬಿಳಿ ಗೆರೆ

ರೈಲುಹಳಿ ತಂಡ, ನಾರ್ತ್ ಪ್ಲಾಟ್ ಸಮೀಪ, ನೆಬ್ರಾಸ್ಕಾ
೧೪ ಏಪ್ರಿಲ್ ೧೯೭೭

ಅಕ್ಕಾ,

ನೀನು ಕಳಿಸಿದ ಚಿತ್ರ ಬಂತು. ಒಂದು ಮೂಲೆ ನಜ್ಜಾಗಿತ್ತು, ಬಣ್ಣಕ್ಕೇನೂ ಆಗಿಲ್ಲ. ನಾವು ಮಲಗುವ ರೈಲುಡಬ್ಬಿಯಲ್ಲಿ ನನ್ನ ತಲೆದಿಂಬಿನ ಮೇಲೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಡಬ್ಬಿಯಲ್ಲಿ ಹನ್ನೆರಡು ಜನ, ಎಲ್ಲರೂ ನಮ್ಮ ನವಾಹೋ ಬುಡಕಟ್ಟಿನವರೇ. ಆದ್ದರಿಂದ ನಿನ್ನ ಚಿತ್ರದ ಬಗ್ಗೆ ಹನ್ನೆರಡು ಅಭಿಪ್ರಾಯಗಳಿವೆ.

ಲೀರಾಯ್ ಬೂಟು ಬಿಚ್ಚುತ್ತ ಅರ್ಧ ಗಂಟೆ ನೋಡಿದ. "ಲೋ ವಿಲ್ಬರ್ಟ್, ನಿಮ್ಮಕ್ಕ ಕಂಬಳಿ ಒಗ್ದು ಒಣಗಾಕಿದ್ದನ್ನ ಬರ್ದಿದಾಳೇನೋ?" ಎಂದ. "ಕಂಬಳಿ ಅಲ್ಲ ಕಣೋ, ಮೂರು ದಿನದ ಕುರಿ ಸಾರು. ಮೇಲೆ ಕೊಬ್ಬು ಕಟ್ಟಿದೆ ನೋಡು," ಎಂದ ಇನ್ನೊಬ್ಬ. ನಾನು ನಿನ್ನ ಪರ ವಹಿಸಿ ಜಗಳವಾಡಿದೆ. ಆದರೆ ನನಗೂ ಒಂದು ಪ್ರಶ್ನೆ ಇದೆ. ಕೆಂಪು ಪಟ್ಟೆ ಇದೆ, ಬೂದಿ ಪಟ್ಟೆ ಇದೆ, ಸುತ್ತ ಕಪ್ಪು ಅಂಚಿದೆ. ಕುದುರೆ ಎಲ್ಲಿ? ಹೆದ್ದಾರಿಯ ಅಂಗಡಿಯಲ್ಲಿ ಪ್ರವಾಸಿಗಳು ಕೊಳ್ಳುವ ಚಿತ್ರಗಳಲ್ಲೆಲ್ಲ ಒಂದು ಕುದುರೆಯಾದರೂ ಇರುತ್ತದೆ.

ತಮಾಷೆ ಹಾಗಿರಲಿ. ಬೆಳಿಗ್ಗೆ ಐದಕ್ಕೆ ಕಿಟಕಿಯಿಂದ ಬೆಳಕು ಬಂದು ಆ ಕೆಂಪಿನ ಮೇಲೆ ಬಿದ್ದಾಗ ನಾನು ಎಲ್ಲಿದ್ದೇನೆಂದು ಒಂದು ಗಳಿಗೆ ಮರೆಯುತ್ತದೆ. ಅದಕ್ಕೆ ತುಂಬಾ ಥ್ಯಾಂಕ್ಸ್. ಅವ್ವನಿಗೆ ಓದಿ ಹೇಳು. ಸಾರಿನ ಮಾತು ಬಿಟ್ಟು ಓದು.

ನಿನ್ನ ತಮ್ಮ,
ವಿಲ್ಬರ್ಟ್

*

ರೌಂಡ್ ರಾಕ್, ಅರಿಜೋನಾ
೬ ಮೇ ೧೯೭೭

ವಿಲ್ಬರ್ಟ್,

ಸಾರಿನ ಮಾತನ್ನೂ ಸೇರಿಸಿ ಓದಿದೆ. ಅವ್ವ ಮಗ್ಗದ ಮುಂದೆ ಕೂತವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, "ಆ ಲೀರಾಯ್ ಯಾರ ಮಗ? ಅವನ ಅಜ್ಜಿ ಯಾವ ಕುಲದೋಳು ಅಂತ ಕೇಳು, ಬೈಯೋ ಸಂಬಂಧ ಆಗತ್ತೋ ಇಲ್ವೋ ನೋಡೋಣ," ಎಂದಳು.

ಕುದುರೆ ಬೇಕಿದ್ದರೆ ಒಂಬತ್ತನೇ ವಯಸ್ಸಿನಲ್ಲಿ ನೀನು ದೊಡ್ಡಿಯ ಬಾಗಿಲು ಹಾಕಿ ಬರಬೇಕಿತ್ತು. ಅವ್ವನ ಕಂದು ಕುದುರೆ ಅವತ್ತು ಹೊರಟದ್ದು ಇನ್ನೂ ಬಂದಿಲ್ಲ. ಬಂದ ದಿನ ಬರೆಯುತ್ತೇನೆ.

ಒಂದು ಸುದ್ದಿ. ಸಾಂತಾ ಫೆಯ ಗ್ಯಾಲರಿಯವನೊಬ್ಬ ಬಂದಿದ್ದ. ಚಳಿಗಾಲವೆಲ್ಲ ನಾನು ಬಿಡಿಸಿದ ದೊಡ್ಡ ಚಿತ್ರವನ್ನು ಟ್ರಕ್ಕಿನಲ್ಲಿ ಹಾಕಿಕೊಂಡು ಹೋದ. ಬೆಟ್ಟದ ತಪ್ಪಲಲ್ಲಿ ಗಾಳಿ ನಿಂತ ಮೇಲೆ ಸಂಜೆಯ ಬಣ್ಣ ಇರುತ್ತದಲ್ಲ, ಅದು. ಬಾಗಿಲಲ್ಲಿ ಹಿಡಿಸದೆ ಅಡ್ಡ ತಿರುಗಿಸಿ ತೆಗೆಯಬೇಕಾಯಿತು. ಜೂನ್‌ನಲ್ಲಿ ಪ್ರದರ್ಶನವಂತೆ. ಮುಂದಿನ ವಸಂತಕ್ಕೆ ಇನ್ನೂ ಆರು ಚಿತ್ರ ಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ.

ಟ್ರಕ್ಕು ಹೊರಡುವ ಮುಂಚೆ ಅವ್ವ ಹತ್ತಿರ ಬಂದು, ತುಟಿ ಚಾಚಿ ಚಿತ್ರದ ಬಲಮೂಲೆಯನ್ನು ತೋರಿಸಿ ಕೇಳಿದಳು.

"ದಾರಿ ಬಿಟ್ಟಿದೀಯಾ?"

"ಬಿಟ್ಟಿದೀನವ್ವ."

"ನಿನ್ನ ಯೋಚ್ನೆ ಎಲ್ಲಾ ಅದರೊಳಗೆ ಹೋಗಿದೆ. ನಾಕೂ ಕಡೆ ಅಂಚು ಮುಚ್ಚಿದ್ರೆ ಅಲ್ಲೇ ಕೂತ್ಬಿಡತ್ತೆ, ಆಮೇಲೆ ಕೈಗೆ ಬರಲ್ಲ. ನಾನು ನೇಯೋ ಕಂಬಳಿಗೆ ಹೇಗೋ ನೀನು ಚಿತ್ರ ಬಿಡಿಸೋ ಬಟ್ಟೆಗೂ ಹಾಗೇ."

ಅಂಚಿನಲ್ಲಿ ಬಿಳಿ ಗೆರೆ ಎಳೆದಿದ್ದೇನೆ. ನಿಜವಾಗಿಯೂ ಎಳೆದಿದ್ದೇನೆ.

ಲೂಸಿಲ್

*

ರೌಂಡ್ ರಾಕ್
೨೮ ಜೂನ್ ೧೯೭೭

ವಿಲ್ಬರ್ಟ್,

ಪ್ರದರ್ಶನ ಮುಗಿಯಿತು. ಚಿತ್ರ ಮಾರಾಟವಾಯಿತು. ಒಮಾಹಾದ ಒಂದು ಆಸ್ಪತ್ರೆಯವರು ಹೊಸ ಕಟ್ಟಡದ ಗೋಡೆಗೆಂದು ಕೊಂಡರು. ನಿನ್ನ ನೆಬ್ರಾಸ್ಕಾದಲ್ಲೇ ಇದೆಯಲ್ಲ ಒಮಾಹಾ. ಗ್ಯಾಲರಿಯವನು ಒಳ್ಳೆಯ ಚೌಕಟ್ಟು ಹಾಕಿಸಿದ್ದ. ಕಪ್ಪು ಮರ, ಅಂಗೈ ಅಗಲ. ಎಲ್ಲರೂ ಕೈ ಕುಲುಕಿದರು. ಎಲ್ಲ ಚೆನ್ನಾಗಿ ಆಯಿತು.

ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಇದೆ, ಆದ್ದರಿಂದ ಇಷ್ಟೇ.

ಲೂಸಿಲ್

*

ಓಗಲಾಲಾ ಸಮೀಪ, ನೆಬ್ರಾಸ್ಕಾ
೧೭ ಜುಲೈ ೧೯೭೭

ಅಕ್ಕಾ,

ಇಂಥ ಸುದ್ದಿಯನ್ನು ಹೀಗೂ ಬರೆಯುತ್ತಾರೆಯೇ? ಕುರಿ ಮಾರಿದವಳ ಹಾಗೆ! ಡಬ್ಬಿಯಲ್ಲಿ ನಾನು ಗಟ್ಟಿಯಾಗಿ ಓದಿದೆ. ಲೀರಾಯ್ ತನ್ನ ಪೀಚ್ ಹಣ್ಣಿನ ಡಬ್ಬ ತೆರೆದು ಎಲ್ಲರಿಗೂ ಹಂಚಿದ. ಅವನು ಯಾರಿಗೂ ಏನೂ ಹಂಚುವವನಲ್ಲ. ಅದರಿಂದಲೇ ಸುದ್ದಿ ಎಷ್ಟು ದೊಡ್ಡದು ತಿಳಿದುಕೋ.

ಆದರೆ ಆಸ್ಪತ್ರೆಯಾ! ರೋಗಿಗಳನ್ನು ಚಿತ್ರದ ಮುಂದೆ ನಿಲ್ಲಿಸಿ, "ಇದರಲ್ಲಿ ಏನು ಕಾಣಿಸ್ತಿದೆ?" ಎಂದು ಡಾಕ್ಟರು ಕೇಳುತ್ತಾರೆ. "ಏನೂ ಇಲ್ಲ" ಎಂದವನನ್ನು ಮನೆಗೆ ಕಳಿಸುತ್ತಾರೆ. "ಕುದುರೆ" ಎಂದವನನ್ನು ಮಲಗಿಸಿ ಬಾಗಿಲು ಹಾಕುತ್ತಾರೆ. ಇದು ಲೀರಾಯ್ ಮಾತಲ್ಲ, ನನ್ನದೇ.

ಲೀರಾಯ್‌ಗೂ ಒಂದು ಸಣ್ಣ ಚಿತ್ರ ಬೇಕಂತೆ. ಬಾಯಿಬಿಟ್ಟು ಕೇಳಲು ನಾಚಿಕೆ. ಸಾರಿನದ್ದೇ ಆದರೂ ಆಗಬಹುದಂತೆ.

ವಿಲ್ಬರ್ಟ್

*

ರೌಂಡ್ ರಾಕ್
೩ ಸೆಪ್ಟೆಂಬರ್ ೧೯೭೭

ವಿಲ್ಬರ್ಟ್,

ಪತ್ರ ತಡವಾಯಿತು. ಎಳೆ ಜೋಳ ಸುಟ್ಟೆವು, ನೀನಿಲ್ಲದ್ದರಿಂದ ಉಳಿಯಿತು. ಅವ್ವನ ಬೆರಳು ಗಂಟು ನೋಯುತ್ತದೆ, ಆದರೂ ಮಗ್ಗ ಬಿಡುವುದಿಲ್ಲ.

ಲೀರಾಯ್‌ಗೆ ಈಗ ಆಗುವುದಿಲ್ಲ. ಸಮಯವಿಲ್ಲ. ಬಿಸಿಲಿಗೆ ಬಣ್ಣವೂ ಬೇಗ ಒಣಗುತ್ತದೆ.

ಲೂಸಿಲ್

*

ಸಿಡ್ನಿ ಸಮೀಪ, ನೆಬ್ರಾಸ್ಕಾ
೨೦ ಸೆಪ್ಟೆಂಬರ್ ೧೯೭೭

ಅಕ್ಕಾ,

ನಿನ್ನ ನಾಲ್ಕು ಸಾಲಿನ ಪತ್ರವನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಬಿಸಿಲಿಗೆ ಬಣ್ಣ ಒಣಗುತ್ತದೆ ಎಂದು ನಲವತ್ತೊಂದನೇ ವಯಸ್ಸಿನಲ್ಲಿ ಗೊತ್ತಾಯಿತೇ ನಿನಗೆ?

ನೀನು ಬಿಡಿಸುತ್ತಿಲ್ಲ. ಕಾರಣ ನಾನೇ ಎಂದು ನನಗನ್ನಿಸುತ್ತಿದೆ. ಕುದುರೆ ಕುದುರೆ ಎಂದು ಪ್ರತಿ ಪತ್ರದಲ್ಲೂ ಕೊರೆದೆ. ಆಸ್ಪತ್ರೆಯ ತಮಾಷೆ ಅತಿಯಾಯಿತು. ನನ್ನ ಬಾಯಿಗೆ ಅಂಕೆ ಇಲ್ಲ, ಅದು ನಿನಗೆ ಗೊತ್ತು. ನಿನ್ನ ಚಿತ್ರದಲ್ಲಿ ಏನಿದೆ ಎಂದು ನಾಲ್ಕು ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಬಾರದ್ದಕ್ಕೆ ತಮಾಷೆ ಮಾಡುತ್ತೇನೆ. ತಪ್ಪಾಯಿತು ಅಕ್ಕಾ.

ವಿಲ್ಬರ್ಟ್

*

ರೌಂಡ್ ರಾಕ್
೨ ನವೆಂಬರ್ ೧೯೭೭

ವಿಲ್ಬರ್ಟ್,

ನೀನೇನೂ ತಪ್ಪು ಮಾಡಿಲ್ಲ ಎಂದು ಅಕ್ಟೋಬರ್ ಒಂದಕ್ಕೇ ಬರೆದೆ. ತಲುಪಲಿಲ್ಲವೇ? ಒಂದು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಅಂಚೆ ಬರುವ ದಿನ ಅಂಗಡಿಗೆ ಹೋಗುತ್ತೇನೆ, ಹಿಟ್ಟು ಕಾಫಿಪುಡಿ ಕೊಂಡು ಬರುತ್ತೇನೆ. ಮನೆಯಲ್ಲಿ ಈಗ ಹಿಟ್ಟು ಬೇಕಾದಷ್ಟಿದೆ.

ಬೆಟ್ಟದ ಮೇಲೆ ಹಿಮ ಬಿದ್ದಿದೆ. ಪಿನ್ಯಾನ್ ಪೈನ್ ಮರಗಳಲ್ಲಿ ಬೀಜ ಈ ಸಲ ಚೆನ್ನಾಗಿ ಬಿಟ್ಟಿದೆ, ಎರಡು ಮೂಟೆ ಆರಿಸಿದೆವು. ನೀನು ಮುನಿಸಿಕೊಂಡಿದ್ದೀಯ ಎಂದುಕೊಂಡಿದ್ದೇನೆ. ಅವ್ವ ಒಪ್ಪುವುದಿಲ್ಲ. "ನನ್ನ ಮಗ ಮುನಿಸ್ಕೊಂಡ್ರೆ ಇನ್ನೂ ಜಾಸ್ತಿ ಮಾತಾಡ್ತಾನೆ," ಎನ್ನುತ್ತಾಳೆ.

ಏನಾದರೂ ಬರೆ. ಬೈದಾದರೂ ಬರೆ.

ಲೂಸಿಲ್

*

ಒಮಾಹಾ, ನೆಬ್ರಾಸ್ಕಾ
೧೬ ನವೆಂಬರ್ ೧೯೭೭

ಅಕ್ಕಾ,

ಅಕ್ಷರ ಓರೆಕೋರೆಯಾಗಿದ್ದರೆ ಕ್ಷಮಿಸು, ಮೇಜು ಸರಿಯಿಲ್ಲ. ಕೆಲಸದ ಮೇಲೆ ಒಮಾಹಾಕ್ಕೆ ಬಂದಿದ್ದೇನೆ. ನಿನ್ನ ಎರಡೂ ಪತ್ರಗಳನ್ನು ಲೀರಾಯ್ ಇಲ್ಲಿಗೆ ಕಳಿಸಿಕೊಟ್ಟ.

ನಿನ್ನ ಚಿತ್ರ ನೋಡಿದೆ. ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿದೆ. ಎದುರಿಗೊಂದು ಬೆಂಚು. ಬೆಳಿಗ್ಗೆ ತಿಂಡಿಯ ತಳ್ಳುಗಾಡಿ ಹೋದ ಮೇಲೆ ಕಿಟಕಿಯಿಂದ ಬೆಳಕು ಬಂದು ಕೆಳಗಿನ ಕೆಂಪನ್ನು ಮೊದಲು ಮುಟ್ಟುತ್ತದೆ, ಆಮೇಲೆ ನಿಧಾನವಾಗಿ ಮೇಲಿನ ಬೂದಿಗೆ ಏರುತ್ತದೆ. ಮಧ್ಯೆ ಎಲ್ಲೋ ಒಂದು ತೆಳ್ಳನೆಯ ಹಳದಿ ಇದೆ, ಅದು ಹತ್ತು ಗಂಟೆಯ ತನಕ ಕಾಣುವುದೇ ಇಲ್ಲ. ಕಂಡಾಗ ನನಗೆ ನಮ್ಮ ಮನೆಯ ಸೌದೆ ಹೊಗೆಯ ವಾಸನೆ ಬಂದಂತಾಯಿತು. ಆಸ್ಪತ್ರೆಯಲ್ಲಿ, ಅಕ್ಕಾ, ಔಷಧಿಯ ನಾತದ ನಡುವೆ! ಬೆಂಚಿನ ಮೇಲೆ ಕೂತು ಅತ್ತೆ. ಇದನ್ನು ಲೀರಾಯ್‌ಗೆ ಹೇಳಿಲ್ಲ. ಕುದುರೆ ಎಲ್ಲಿ ಎಂದು ಒಂದು ದಿನವೂ ಅನ್ನಿಸಲಿಲ್ಲ.

ಆದರೆ ಒಂದು ವಿಷಯ ಕೇಳಬೇಕು. ಬಲಮೂಲೆಯಲ್ಲಿ ಗೆರೆ ಇಲ್ಲ. ನೀನು ಬಿಡದೆ ಇರುವವಳಲ್ಲ. ಅವ್ವನ ಮಗ್ಗದ ಅಡಿಯಲ್ಲಿ ತೆವಳಿ ಬೆಳೆದವರು ನಾವು. ಒಂದು ಕಣ್ಣು ಮುಚ್ಚಿ, ಗೋಡೆಗೆ ಕೆನ್ನೆ ಒತ್ತಿ ಸಂದಿಯಲ್ಲಿ ನೋಡಿದೆ. ಚೌಕಟ್ಟಿನ ಮರದ ಕೆಳಗೆ ಬಿಳಿ ದಾರದಷ್ಟು ಏನೋ ಕಂಡಿತು. ದಾರಿ ಇದೆ. ಅದರ ಮೇಲೆ ಮರ ಕೂತಿದೆ.

ನೀನು ಬಿಡಿಸದೆ ಇರುವುದು ಇದರಿಂದಲೇ? ನಿಜ ಹೇಳು.

ವಿಲ್ಬರ್ಟ್

*

ರೌಂಡ್ ರಾಕ್
೨೭ ನವೆಂಬರ್ ೧೯೭೭

ತಮ್ಮಾ,

ಹೌದು.

ಟ್ರಕ್ಕು ತರುವುದಕ್ಕೂ ಮುಂಚೆ, ಮಾರ್ಚ್‌ನಲ್ಲಿ ಗ್ಯಾಲರಿಯವನು ಮೊದಲ ಸಲ ಬಂದಾಗ ನನ್ನ ಹಳೆಯ ಚಿತ್ರಗಳನ್ನು ನೋಡಿ, "ಈ ಬಿಳಿ ಗೀರು ಯಾಕೆ? ಕೈ ತಪ್ಪಿದ್ದು ಅಂದ್ಕೋತಾರೆ ಜನ," ಎಂದ. ಕೆಟ್ಟ ಮನುಷ್ಯನಲ್ಲ, ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಬಾಯಿ ಬಿಡಲಿಲ್ಲ. ದೊಡ್ಡ ಚಿತ್ರದ ಅಂಚನ್ನು ಹೆಬ್ಬೆರಳಷ್ಟಕ್ಕೆ ಇಳಿಸಿದೆ, ಗೆರೆಯನ್ನು ಯಾರಿಗೂ ಕಾಣದಷ್ಟು ಗಿಡ್ಡ ಮಾಡಿದೆ. ಅವ್ವನಿಗೆ ದಾರಿ ಬಿಟ್ಟಿದ್ದೇನೆ ಎಂದು ಹೇಳಬಹುದು, ಕೊಳ್ಳುವವರಿಗೆ ಗೀರು ಕಾಣುವುದೂ ಇಲ್ಲ ಎಂದುಕೊಂಡೆ. ಎರಡು ಕಡೆಯೂ ಒಳ್ಳೆಯವಳಾಗಲು ಹೋದೆ. ಸಾಂತಾ ಫೆಯಲ್ಲಿ ನೋಡಿದರೆ ಅಂಚಿನ ಮೇಲೆ ಚೌಕಟ್ಟು ಕೂತಿತ್ತು. ಅಷ್ಟು ಜನರ ಮುಂದೆ, ಬಿಚ್ಚಿ ಎಂದು ಹೇಳಲು ನಾಲಗೆ ಹೊರಳಲಿಲ್ಲ. ಕೈ ಕುಲುಕಿ ಬಂದುಬಿಟ್ಟೆ.

ಅಂದಿನಿಂದ ಬಟ್ಟೆಯ ಮುಂದೆ ಕೂತರೆ ಏನೂ ಬರುವುದಿಲ್ಲ. ಬೆಟ್ಟ ಅಲ್ಲೇ ಇದೆ, ಸಂಜೆಯೂ ಆಗುತ್ತದೆ, ನೋಡುತ್ತೇನೆ. ಬರೀ ಬೆಟ್ಟ. ವಸಂತಕ್ಕೆ ಆರು ಕೊಡಬೇಕು, ಒಂದೂ ಇಲ್ಲ. ಇನ್ನು ಬರುವುದೇ ಇಲ್ಲವೇನೋ ಎಂದು ಹೆದರಿಕೆಯಾಗಿದೆ, ವಿಲ್ಬರ್ಟ್. ಅವ್ವನಿಗೆ ಹೇಳಿರಲಿಲ್ಲ. ನಿನ್ನ ಪತ್ರ ಓದಿ ಹೇಳುವಾಗ ಬಿಟ್ಟು ಓದಲು ಆಗಲಿಲ್ಲ, ಎಲ್ಲ ಓದಿದೆ. ಅವ್ವ ಬೈಯಲಿಲ್ಲ. "ಜೂನ್‌ನಿಂದ ಗೊತ್ತು ನಂಗೆ. ನೀನು ಕುರಿ ಎಣಿಸೋದು ಮೂರು ಸಲ ತಪ್ಪಿದೆ," ಎಂದಳು ಅಷ್ಟೇ.

ಈಗ ನಿನ್ನ ಸರದಿ. ಪತ್ರ ಮುಗಿದ ಮೇಲೆ ಅವ್ವ ಮಗ್ಗದ ಹಣಿಗೆ ಕೆಳಗಿಟ್ಟು ಕೇಳಿದಳು: "ಹಳಿ ಹಾಕೋನು ತಿಂಡಿ ಗಾಡಿ ಹೋಗೋದನ್ನ ಎಲ್ಲಿ ನೋಡ್ದ? ಹತ್ತು ಗಂಟೆ ತನಕ ಬೆಂಚಿನ ಮೇಲೆ ಯಾರು ಕೂರಿಸ್ತಾರೆ ಅವನ್ನ? ಕಣ್ಣೋ ಕಾಲೋ, ಕೇಳು."

ಕೇಳುತ್ತಿದ್ದೇನೆ.

ಲೂಸಿಲ್

*

ಒಮಾಹಾ
೧೨ ಡಿಸೆಂಬರ್ ೧೯೭೭

ಅಕ್ಕಾ,

ಕಣ್ಣು. ಎಡಗಣ್ಣು.

ಅಕ್ಟೋಬರ್ ಆರರಂದು ಮೊಳೆಯ ತಲೆಯಿಂದ ಉಕ್ಕಿನ ಚೂರೊಂದು ಸಿಡಿದು ಹೊಕ್ಕಿತು. ಯಾರ ತಪ್ಪೂ ಅಲ್ಲ, ಸುತ್ತಿಗೆ ನನ್ನ ಕೈಯಲ್ಲೇ ಇತ್ತು. ಚೂರು ತೆಗೆದರು, ದೃಷ್ಟಿ ಉಳಿಯಲಿಲ್ಲ. ನಡುವೆ ಹುಣ್ಣಾಗಿ ಜ್ವರ ಬಂತು, ಅದಕ್ಕೇ ಇಷ್ಟು ದಿನ. ಈಗ ನೋವಿಲ್ಲ. ಹೇಳದೆ ಇದ್ದದ್ದು ಅವ್ವ ಬಸ್ಸು ಹತ್ತಿ ಬಂದುಬಿಡುತ್ತಾಳೆ ಎಂದು. ನಿಜ ಹೇಳು ಎಂದು ನಿನ್ನನ್ನು ಕೇಳುವಾಗ ನನ್ನ ಮುಖಕ್ಕೆ ಪಟ್ಟಿ ಕಟ್ಟಿತ್ತು. ಬೈಯುವುದಿದ್ದರೆ ಅದಕ್ಕೆ ಬೈ.

ಒಂದೇ ಕಣ್ಣಿಗೆ ಹತ್ತಿರ ದೂರ ತಿಳಿಯುವುದಿಲ್ಲ. ಕಾಫಿಯನ್ನು ಲೋಟಕ್ಕೆ ಹುಯ್ಯಲು ಹೋಗಿ ಮೇಜಿಗೆ ಹುಯ್ಯುತ್ತೇನೆ. ಡಾಕ್ಟರು, ನರ್ಸು, ಗೋಡೆ, ಎಲ್ಲ ಒಂದೇ ಹಲಗೆಗೆ ಅಂಟಿಸಿದ ಹಾಗೆ. ನಿನ್ನ ಚಿತ್ರ ಮಾತ್ರ ಹೇಗಿರಬೇಕೋ ಹಾಗೇ ಇದೆ, ಅದು ಮೊದಲಿಂದಲೂ ಚಪ್ಪಟೆಯೇ. ಈ ಕಟ್ಟಡದಲ್ಲಿ ನನ್ನ ಪಾಲಿಗೆ ಕೆಡದೆ ಉಳಿದದ್ದು ಅದೊಂದೇ. ಅರವತ್ತು ದಿನ ಅದರ ಮುಂದೆ ಕೂತಿದ್ದೇನೆ. ಮಗ್ಗುಲ ಹಾಸಿಗೆಯ ಮುದುಕ, ಗೋಧಿ ಬೆಳೆಯುವವನು, ಅವನೂ ಬಂದು ಕೂರುತ್ತಾನೆ. "ಇದು ನಮ್ಮ ಹೊಲಾನೇ ಕಣಯ್ಯ, ಕಟಾವಾದ ಮೇಲೆ," ಎನ್ನುತ್ತಾನೆ. ನಾನು ತಿದ್ದಲಿಲ್ಲ.

ಈಗ ಮುಖ್ಯ ಮಾತು. ನಿನ್ನ ಪತ್ರ ಬಂದ ದಿನವೇ ದೊಡ್ಡ ನರ್ಸಮ್ಮನ ಹತ್ತಿರ ಹೋದೆ. ನಮ್ಮವರು ಕಂಬಳಿಯ ಅಂಚಿನಲ್ಲಿ ದಾರಿ ಯಾಕೆ ಬಿಡುತ್ತಾರೆಂದು ನನಗೆ ತಿಳಿದಷ್ಟು ಹೇಳಿದೆ. ನನ್ನ ಅಕ್ಕ ಐದು ತಿಂಗಳಿಂದ ನಿಮ್ಮ ಕಾರಿಡಾರಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ ಎಂದೆ. ಅವಳು ನನ್ನ ಜ್ವರದ ಚೀಟಿ ತೆಗೆದು ನೋಡಿದಳು. ಆಮೇಲೆ ಕನ್ನಡಕ ತೆಗೆದಳು. "ಚಿತ್ರಕ್ಕೆ ಕೈ ಹಚ್ಚೋ ಹಾಗಿಲ್ಲ. ಚೌಕಟ್ಟು ಬರೀ ಮರ, ಅದನ್ನ ಏನ್ ಬೇಕಾದ್ರೂ ಮಾಡ್ಕೊಳ್ಳಿ. ಮೇಲಿನವರಿಗೆ ನಾನು ಹೇಳ್ತೀನಿ," ಎಂದಳು.

ಆಸ್ಪತ್ರೆಯ ಬಡಗಿ ಕಾರೆಲ್ ಎಂಬ ಮುದುಕ. ಅವನ ಅಪ್ಪ ಯುರೋಪಿನ ಬೊಹೀಮಿಯಾದಿಂದ ಬಂದವನಂತೆ. ಒಂಬತ್ತನೇ ತಾರೀಕು ಬೆಳಿಗ್ಗೆ ಅವನೂ ನಾನೂ ಚಿತ್ರ ಇಳಿಸಿ ಚೌಕಟ್ಟು ಬಿಚ್ಚಿದೆವು. ಬಲಮೂಲೆಯಲ್ಲಿ ಒಂದು ಕಿರುಬೆರಳು ಅಗಲಕ್ಕೆ ಮರವನ್ನು ಒಳಗಿನಿಂದ ಹೊರತನಕ ಕತ್ತರಿಸಬೇಕಿತ್ತು. ಅವನು ಗರಗಸವನ್ನು ನನ್ನ ಕೈಗೆ ಕೊಟ್ಟ. "ನಂಗೆ ಒಂದೇ ಕಣ್ಣು," ಎಂದೆ. "ನಂಗೆ ಎರಡೂ ಮಂಜು. ನೀನೇ ಮಾಡು. ಬೆರಳು ಎಲ್ಲಿದೆ ಅಂತ ಬೆರಳಿಗೆ ಗೊತ್ತಿರತ್ತೆ," ಎಂದ. ಮುಟ್ಟಿ ಮುಟ್ಟಿ ಕತ್ತರಿಸಿದೆ. ಅರ ಹಾಕಿ ನಯ ಮಾಡಿದೆ. ಮತ್ತೆ ತೂಗುಹಾಕಿದಾಗ ನಿನ್ನ ಬಿಳಿ ಗೆರೆ ಒಳಗಿನಿಂದ ಬಂದು ಅಂಚು ದಾಟಿ, ಮರ ದಾಟಿ, ಗೋಡೆಗೆ ಹೋಗಿ ಸೇರಿತು. ಗೋಡೆಯೂ ಬಿಳಿಯೇ. ಆದ್ದರಿಂದ ಅದು ಎಲ್ಲಿ ಮುಗಿಯುತ್ತದೆ ಎಂದು ಹೇಳಲಾಗುವುದಿಲ್ಲ.

ಹಳಿಯ ಕೆಲಸಕ್ಕೆ ಇನ್ನು ನನ್ನನ್ನು ತೆಗೆದುಕೊಳ್ಳುವುದಿಲ್ಲ. ಆಸ್ಪತ್ರೆಯಿಂದ ಜನವರಿಯಲ್ಲಿ ಬಿಡುತ್ತಾರೆ. ಊರಿಗೆ ಬಂದು ಏನು ಮಾಡಲಿ ತಿಳಿಯದು. ಅದನ್ನು ಆಮೇಲೆ ನೋಡೋಣ.

ನಿನ್ನಿಂದ ಈ ಎರಡು ತಿಂಗಳು ಕಳೆದೆ. ಆ ಚಿತ್ರ ಇಲ್ಲದಿದ್ದರೆ ಏನಾಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಇದಕ್ಕೆ ತಮಾಷೆ ಮಾಡಲು ಏನೂ ಹೊಳೆಯುತ್ತಿಲ್ಲ.

ವಿಲ್ಬರ್ಟ್

*

ರೌಂಡ್ ರಾಕ್
೫ ಜನವರಿ ೧೯೭೮

ತಮ್ಮಾ,

ನಿನ್ನ ಪತ್ರ ಇಪ್ಪತ್ತೊಂದಕ್ಕೆ ಬಂತು. ಅಂಗಡಿಯ ಒಲೆಯ ಪಕ್ಕ ನಿಂತೇ ಓದಿದೆ. ಹಿಟ್ಟು ಕೊಳ್ಳದೆಯೇ ಹೊರಟೆ. ಮನೆಗೆ ಬಂದು ಅವ್ವನಿಗೆ ಓದಿದೆ. ಅವಳು ಎದ್ದು ಹೊರಗೆ ಹೋದಳು. ಬಹಳ ಹೊತ್ತಿನ ಮೇಲೆ ಸೌದೆ ಹೊತ್ತುಕೊಂಡು ಒಳಗೆ ಬಂದಳು. ಸೌದೆ ಬೇಕಿರಲಿಲ್ಲ. "ಇನ್ನೊಂದಿದೆಯಲ್ಲ," ಎಂದಳು. ಆಮೇಲೆ ನಿನಗಾಗಿ ನೀಲಿ ಜೋಳದ ಹಿಟ್ಟು ಬೀಸಿಟ್ಟಳು. ನೀನು ಬರಲು ಇನ್ನೂ ಮೂರು ವಾರ ಇದೆ ಎಂದರೆ ಕೇಳುವುದಿಲ್ಲ.

ಒಂಬತ್ತನೇ ತಾರೀಕು, ನೀನು ಮರ ಕತ್ತರಿಸುವಾಗ, ಇಲ್ಲಿ ನನಗೆ ಏನಾದರೂ ಅನ್ನಿಸಿತೇ ಎಂದು ಅವ್ವ ಕೇಳಿದಳು. ಸುಳ್ಳು ಹೇಳಲಾರೆ. ಅವತ್ತು ಕುರಿಗಳ ಗೊರಸು ಕತ್ತರಿಸುತ್ತಿದ್ದೆ, ಏನೂ ಅನ್ನಿಸಲಿಲ್ಲ. ನಿನ್ನ ಪತ್ರ ಓದಿದ ಮರುದಿನ ಹಿಮದಲ್ಲಿ ಮಂದೆಯನ್ನು ಹೊಡೆದುಕೊಂಡು ಬರುವಾಗ ಬಂಡೆಯ ನೆತ್ತಿಯ ಮೇಲೆ ಒಂದು ಗುಲಾಬಿ ಬಣ್ಣ ಬಂತು. ಕೆಳಗೆ ನೆರಳು ಆಗಲೇ ನೀಲಿಯಾಗಿತ್ತು. ನಾನು ಅಲ್ಲೇ ನಿಂತೆ. ಕುರಿಗಳು ತಾವಾಗಿ ಮನೆಗೆ ಹೋದವು. ಅವ್ವ ಬಾಗಿಲಲ್ಲಿ ನಿಂತು, "ಮಂದೆ ಬಂತು, ಕಾಯೋಳು ಎಲ್ಲಿ?" ಎಂದು ಕೂಗಿದಳಂತೆ, ನನಗೆ ಕೇಳಿಸಲಿಲ್ಲ.

ಹದಿಮೂರು ದಿನ ಬಿಡಿಸಿದೆ. ನಿನ್ನೆ ಮುಗಿಯಿತು. ಈ ಸಲ ಅಂಚು ಅಂಗೈ ಅಗಲ ಇದೆ, ಬಿಳಿ ಗೆರೆ ಎರಡು ಬೆರಳು ದಪ್ಪ. ಗ್ಯಾಲರಿಯವನಿಗೂ ಬರೆದೆ: ಚೌಕಟ್ಟು ಹಾಕುವುದಾದರೆ ನನ್ನ ತಮ್ಮ ಮಾಡಿಕೊಟ್ಟದ್ದನ್ನೇ ಹಾಕಬೇಕು, ಪ್ರತಿಯೊಂದಕ್ಕೂ ಬಾಗಿಲಿರುತ್ತದೆ, ಒಪ್ಪಿಗೆಯಿಲ್ಲದಿದ್ದರೆ ಚಿತ್ರವಿಲ್ಲ. ಒಪ್ಪಿದ್ದಾನೆ. ಮೊದಲೇ ಹೇಳಿದ್ದರೆ ಮೊದಲೇ ಒಪ್ಪುತ್ತಿದ್ದೆ ಎಂದೂ ಬರೆದಿದ್ದಾನೆ, ಪಾಪ. ಆದ್ದರಿಂದ ಊರಿಗೆ ಬಂದು ಏನು ಮಾಡಲಿ ಎಂದು ಯೋಚಿಸಬೇಡ. ಕೆಲಸ ಕಾಯುತ್ತಿದೆ. ಕಾರೆಲ್‌ನನ್ನು ಕೇಳಿ ಒಳ್ಳೆಯ ಗರಗಸ ಯಾವುದೆಂದು ತಿಳಿದುಕೊಂಡು ಬಾ. ಅವನಿಗೂ ನರ್ಸಮ್ಮನಿಗೂ ಅವ್ವ ನೇಯ್ದ ಎರಡು ಸಣ್ಣ ಕಂಬಳಿ ಕಳಿಸುತ್ತಿದ್ದೇನೆ. ಲೀರಾಯ್‌ಗೆ ಸಾರಿನ ಬಣ್ಣದ್ದೊಂದು ಚಿತ್ರ ಬಿಡಿಸುತ್ತೇನೆ. ಅವನ ಅಜ್ಜಿ ನಮ್ಮ ಕುಲದವಳೇ ಎಂದು ಅಂಗಡಿಯಲ್ಲಿ ಗೊತ್ತಾಯಿತು. ಬೈಯಲು ಅವ್ವ ಕಾಯುತ್ತಿದ್ದಾಳೆ.

ಇನ್ನೊಂದು ಮಾತು. ಕಂದು ಕುದುರೆ ಹೋದಾಗ ನಿನ್ನನ್ನು ಎರಡು ದಿನ ಗುಡ್ಡ ಹತ್ತಿಸಿ ಹುಡುಕಿಸಿದವಳು ನಾನು. ಕಾಲು ಬೊಬ್ಬೆ ಬಂದು ನೀನು ಅತ್ತರೂ ಬಿಡಲಿಲ್ಲ. ಬಾಗಿಲು ಹಾಕದವನು ಎಂದು ಇಪ್ಪತ್ತೈದು ವರ್ಷ ಆಡಿಕೊಂಡೆ. ಇನ್ನು ಆಡಿಕೊಳ್ಳುವುದಿಲ್ಲ. ಈ ಜೀವ ಇರುವ ತನಕ ನಿನ್ನ ಉಪಕಾರ ಮರೆಯುವುದಿಲ್ಲ, ವಿಲ್ಬರ್ಟ್.

ಹೊಸ ಚಿತ್ರ ನಿನಗೆ. ನಿನ್ನ ಹಾಸಿಗೆಯ ಎದುರು, ಬೆಳಗಿನ ಬೆಳಕು ಬೀಳುವ ಕಡೆ ಹಾಕಿದ್ದೇನೆ. ಬಂದು ನೋಡು. ಕುದುರೆ ಎಲ್ಲಿ ಎಂದು ಮಾತ್ರ ಕೇಳಬೇಡ. ಬಾಗಿಲು ತೆಗೆದವನು ನೀನೇ.

ನಿನ್ನ ಅಕ್ಕ,
ಲೂಸಿಲ್